ಅರವತ್ತೆರಡನೇ ನಂಬರಿನ ದೋಣಿ

ಅಂಬಿಗ ಪಾನ್ ಗೆನ್‌ಫಾನ ದೋಣಿಯ ನಂಬರು ಅರವತ್ತೆರಡು. ಹೊರಗಿನವರಿಗೆ ಅದು ಬರೀ ಲೆಕ್ಕ, ಹಾಂಗ್‌ಝೌನಲ್ಲೇ ಹುಟ್ಟಿ ಬೆಳೆದವರಿಗೆ ಬೈಗುಳ. ನಿಮ್ಮಲ್ಲಿ ಫೋರ್‌ಟ್ವೆಂಟಿ ಎಂದರೆ ಹೇಗೆ ಮೋಸಗಾರನೋ, ಇಲ್ಲಿ ಅರವತ್ತೆರಡು ಎಂದರೆ ಹಾಗೆ ಶುದ್ಧ ಪೆದ್ದ. ಪಶ್ಚಿಮ ಸರೋವರದ ದೋಣಿಗಳಿಗೆ ನಂಬರು ಹಾಕಿದ ದಿನ ಅದರ ಹತ್ತಿರ ಒಬ್ಬ ಅಂಬಿಗನೂ ಸುಳಿಯಲಿಲ್ಲ. ಗೆನ್‌ಫಾ ಮಾತ್ರ, "ನಂಬರೇನು ದೋಣೀನ ಮುಳುಗಿಸುತ್ತಾ?" ಎಂದು ಹಗ್ಗ ಬಿಚ್ಚಿದ. ಅವನದು ಮೊದಲಿನಿಂದಲೂ ಕಬ್ಬಿಣದ ತಲೆ, ಹಿಡಿದ ಹಟ ಬಿಡುವವನಲ್ಲ. ಅಂದಿನಿಂದ ಜೊತೆಯವರೆಲ್ಲ ಅವನನ್ನು ಮಾತಾಡಿಸುವುದೇ, "ಏ ಅರವತ್ತೆರಡೂ, ಊಟ ಆಯ್ತೇನೋ?" ಎಂದು.

ಇಷ್ಟು ವರ್ಷ ಅದನ್ನು ನಕ್ಕು ಮರೆತವನಿಗೆ ಈ ಭಾನುವಾರ ಮಾತ್ರ ಬೆಳಗ್ಗೆಯಿಂದ ಎದೆ ಡವಡವ. ಮಗಳು ಯಾಫೆನ್ ಮೆಚ್ಚಿದ ಹುಡುಗನ ಅಪ್ಪ ಅಮ್ಮ ಸರೋವರ ನೋಡಲು ಬರುವವರಿದ್ದರು. ನೋಡುವುದೆಲ್ಲ ನೆಪ ಬಿಡಿ. ತಲೆತಲಾಂತರದಿಂದ ಇದೇ ಊರಿನವರಿಗೆ ಸರೋವರ ಹೊಸದೇ? ಹುಡುಗಿಯ ಮನೆಯವರನ್ನು ಅಳೆದು ನೋಡಿ, ದಡಕ್ಕೆ ಮರಳಿದ ಮೇಲೆ ಮಾತು ಕೊಡುತ್ತೇನೆ ಎಂದಿದ್ದಳು ಹುಡುಗನ ತಾಯಿ, ಚಿಯು ಮನೆಯಾಕೆ.

"ಇವತ್ತೊಂದಿನ ಬೇರೆಯವ್ರ ದೋಣಿ ಕೇಳ್ರೀ," ಎಂದಳು ಹೆಂಡತಿ ಮೇಯಿಝೆನ್.

"ಯಾಕೆ ಕೇಳ್ಲಿ? ನನ್ನ ದೋಣಿಗೇನು ಧಾಡಿ?"

ಹೀಗೆ ಜಂಭ ಕೊಚ್ಚಿದವನೇ, ಅವಳು ಆಚೆ ಹೋದದ್ದೇ ತಡ, ಚಾವಣಿಯ ಕಂಬಕ್ಕೆ ಹೊಡೆದಿದ್ದ ನಂಬರಿನ ತಗಡಿನ ಮೇಲೆ ಒಗೆದ ಟವೆಲು ಇಳಿಬಿಟ್ಟ.

ಚಿಯು ಮನೆಯಾಕೆ ಗಂಡನೊಂದಿಗೆ ಬಂದು ಮುಖ ಬಿಗಿದುಕೊಂಡೇ ಕುಳಿತಳು. ಮೇಯಿಝೆನ್ ಹುರಿದ ಬೀಜ ಕೊಟ್ಟಳು, ಚಹಾ ಬಗ್ಗಿಸಿದಳು, ಮಗಳ ಕೈರುಚಿ ಹೊಗಳಿದಳು. ಎಲ್ಲದಕ್ಕೂ "ನೋಡೋಣ" ಎಂಬ ಒಂದೇ ಉತ್ತರ. ಗಂಡನೋ, ದಡದ ಗಟ್ಟಿಮುಟ್ಟಾದ ಕಲ್ಲು ಸೇತುವೆಯತ್ತ ಬೆರಳು ಮಾಡಿ, "ಇದರ ಹೆಸರು ಮುರಿದ ಸೇತುವೆ ಅಂತಾರೆ, ಎಲ್ಲಿ ಮುರಿದಿದೆ ಹೇಳಿ!" ಎಂದು ಊರಿನ ಹಳಸಲು ಜೋಕಿಗೆ ತಾನೇ ನಗುತ್ತ, ಬೀಜದ ಸಿಪ್ಪೆಯನ್ನು ಹೆಂಡತಿಯ ಮಡಿಲಿಗೇ ಉದುರಿಸುತ್ತಿದ್ದ.

ಅಷ್ಟರಲ್ಲಿ ಪಕ್ಕದಲ್ಲಿ ದೊಡ್ಡ ಹಡಗೊಂದು ಹಾದು, ದೋಣಿ ತೂಗಾಡಿ, ಚಹಾ ಚಿಯು ಮನೆಯಾಕೆಯ ರೇಷ್ಮೆ ಅಂಗಿಯ ಮೇಲೆ ಚೆಲ್ಲಿತು. ಅವಳು ಕೈಗೆ ಸಿಕ್ಕ ಟವೆಲು ಎಳೆದಳು.

"ಅಯ್ಯಯ್ಯೋ, ಅದು ಬೇಡ!" ಎಂದ ಗೆನ್‌ಫಾ. ತಗಡು ಫಳಫಳ ಹೊಳೆಯಿತು. ಮೇಯಿಝೆನ್ ಕಣ್ಣು ಮುಚ್ಚಿಕೊಂಡಳು. ದೋಣಿ ಮುಳುಗದಿದ್ದರೇನು, ಮಗಳ ಮದುವೆ ಮುಳುಗಿತು ಎಂದುಕೊಂಡ ಗೆನ್‌ಫಾ.

ಚಿಯು ಮನೆಯಾಕೆ ತಗಡನ್ನೇ ದಿಟ್ಟಿಸಿದಳು. "ಗೊತ್ತಿದ್ದೂ ಗೊತ್ತಿದ್ದೂ ಇದನ್ಯಾಕೆ ತಗೊಂಡ್ರಿ, ಪಾನ್ ಅವ್ರೇ?"

"ದೋಣಿ ಚೆನ್ನಾಗಿತ್ತು. ನಂಬರಿಗೋಸ್ಕರ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಅವಳಿಗೆ ನಗು ಉಕ್ಕಿತು. ಬಿದ್ದು ಬಿದ್ದು ನಕ್ಕಳು. "ನಂದೂ ಅದೇ ಕಥೆ! ಪೆದ್ದ ಪೆದ್ದ ಅಂತ ನಮ್ಮಮ್ಮ ಬಡ್ಕೊಂಡ್ರೂ ಇವ್ರನ್ನೇ ಕಟ್ಕೊಂಡೆ. ಊರಿಗೆಲ್ಲ ಅರವತ್ತೆರಡು. ಆದ್ರೆ ಒಂದಿನಾನೂ ನನ್ನ ಮುಳುಗಿಸ್ಲಿಲ್ಲ."

ಗಂಡ ನಾಚಿ ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡ. ಅವಳು ಫೋನು ತೆಗೆದಳು. "ನೀವು ಗಂಡಸ್ರಿಬ್ರೂ ಆ ತಗಡಿನ ಕೆಳಗೆ ಕೂತ್ಕೊಳಿ, ಫೋಟೋ ತೆಗೀತೀನಿ. ಸ್ವಲ್ಪ ಹತ್ರ ಸರೀರಿ, ಬೀಗ್ರೇ."

"ರೀ, ಕೇಳಿಸ್ತಾ? ಬೀಗ್ರೇ ಅಂದ್ರು!" ಎಂದು ಮೇಯಿಝೆನ್ ತಿವಿದಳು.

ಕೇಳಿಸಿತ್ತು. ಕೈಯಲ್ಲಿದ್ದ ಹುಟ್ಟು ಜಾರಿ ನೀರಿಗೆ ಬಿದ್ದು ತೇಲಿಹೋಗುತ್ತಿದ್ದರೂ ಗೆನ್‌ಫಾ ಹಲ್ಲು ಕಿರಿದುಕೊಂಡು ಫೋನಿನತ್ತಲೇ ನೋಡುತ್ತಿದ್ದ.

"ನೋಡೇ," ಎಂದ ಬೀಗ, ಖುಷಿಯಿಂದ ತೊಡೆ ತಟ್ಟಿಕೊಂಡು, "ನನಗಿಂತ ದೊಡ್ಡ ಅರವತ್ತೆರಡು!"