ಕಲಾಕೃತಿಗೆ ಕಾವಲು ಕೂತ ಅಪ್ಪ

‘ನಿಮ್ಮಪ್ಪ ಒಳೀಕ್ ಬರೋದಾ? ಆಗೋ ಮಾತಾಡವ್ವ!’

ಹೀಗೆಂದು ನಕ್ಕವಳು ನಮ್ಮ ಜಯತ್ತೆ. ಅಪ್ಪನ ತಂಗಿ, ಹುಣಸಮಾರನಹಳ್ಳಿಯವಳು. ನಾನು ಡಿಗ್ರಿಗೆ ಸೇರಿದಾಗ ‘ಚಿತ್ರ ಬರಿಯಾಕೂ ಕಾಲೇಜಾ?’ ಎಂದಿದ್ದವಳೂ ಇವಳೇ. ಆದರೆ ಈ ಸಲ ಅವಳ ಮಾತಿಗೆ ಆಧಾರವಿತ್ತು.

ಅಪ್ಪ ಹೆಬ್ಬಾಳದ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ. ಹದಿನೆಂಟು ವರ್ಷದಿಂದ ಊರವರನ್ನೆಲ್ಲ ಒಳಗೆ ಬಿಡುವುದೇ ಕೆಲಸ. ತಾನು ಮಾತ್ರ ಎಲ್ಲಿ ಹೋದರೂ ಗೇಟಿನ ಹೊರಗೇ. ನನ್ನ ಘಟಿಕೋತ್ಸವದ ದಿನವೂ ಜೇಬಿನಲ್ಲಿ ಪಾಸ್ ಇಟ್ಟುಕೊಂಡು ಅಲ್ಲಿನ ವಾಚ್‌ಮನ್ ಜೊತೆ ಹರಟುತ್ತ ಕೂತ. ನಮ್ಮ ವಂಶದಲ್ಲೇ ಮೊದಲ ಪದವಿ! ಯಲಹಂಕದ ಜೆರಾಕ್ಸ್ ಅಂಗಡಿಯಲ್ಲಿ ದುಡಿಯುತ್ತ, ಎರಡು ಸಲ ಫೇಲಾಗಿ ಪಡೆದದ್ದು. (ಎರಡು ಸಲವೂ ಕಲಾ ಇತಿಹಾಸದಲ್ಲಿ. ಈಗ ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತೇನೆ. ಯಾರಿಗೂ ಹೇಳಬೇಡಿ.)

‘ಒಳಗೆ ದೊಡ್ಡೋರಿರ್ತಾರೆ ಕಣಮ್ಮ’ ಎಂಬುದು ಅವನ ಯಾವತ್ತಿನ ಉತ್ತರ.

ಹಾಗಾಗಿ ಕಳೆದ ಭಾನುವಾರ ಯಲಹಂಕದಲ್ಲಿ ನಡೆದ ಗುಂಪು ಕಲಾಪ್ರದರ್ಶನದಲ್ಲಿ ನನಗೂ ಜಾಗ ಸಿಕ್ಕಾಗ ಇದ್ದದ್ದು ಒಂದೇ ಹಟ. ಅಪ್ಪ ಒಳಗೆ ಬಂದು ನೋಡಬೇಕು.

ನನ್ನ ಕಲಾಕೃತಿ ಏನು ಗೊತ್ತೆ? ಪ್ರದರ್ಶನದ ಹಾಲ್‌ ಬಾಗಿಲಲ್ಲೇ ಒಂದು ಕಬ್ಬಿಣದ ಗೇಟು, ಪ್ಲಾಸ್ಟಿಕ್ ಕುರ್ಚಿ, ದಾರ ಕಟ್ಟಿದ ಪೆನ್ನು, ವಿಸಿಟರ್ಸ್ ರಿಜಿಸ್ಟರ್. ಫ್ಲಾಟ್ ನಂಬರ್, ಬಂದ ಉದ್ದೇಶ ಎಂಬ ಕಾಲಂಗಳ ಜಾಗದಲ್ಲಿ ಎರಡು ಪ್ರಶ್ನೆ. ‘ಊಟ ಆಯ್ತಾ?’ ‘ಫೋನ್ ಮಾಡದೆ ಕೊನೆಯ ಸಲ ಯಾರ ಮನೆಗೆ ಹೋಗಿದ್ರಿ?’ ಬಂದವರು ಕುರ್ಚಿಯಲ್ಲಿ ಕೂತು, ತಮ್ಮ ಹಿಂದೆ ಬಂದವರಿಗೆ ಇದನ್ನು ಕೇಳಿ, ಉತ್ತರ ಬರೆಸಿಕೊಂಡು ಒಳಗೆ ಬಿಡಬೇಕು. (ಹೆತ್ತ ತಾಯಿ ಬಂದರೂ ಅಪಾರ್ಟ್‌ಮೆಂಟಿನ ಆ್ಯಪಿನಲ್ಲಿ ‘ಅಪ್ರೂವ್’ ಒತ್ತಿ ಒಳಗೆ ಬಿಡುವ ಕಾಲ. ನಾನು ಹೊಸದೇನು ಹೇಳಿದೆ?)

ಯಾರೂ ಕೂರಲಿಲ್ಲ! ಸೆಕ್ಯುರಿಟಿಯ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಹೇಳಿ? ಫೋಟೊ ತೆಗೆದರು, ಗೇಟು ತಳ್ಳಿದರು, ಒಳಗೆ ನಡೆದರು.

ನಾನು ಒಳಗೆ ಅತಿಥಿಗಳ ಜೊತೆಗಿದ್ದೆ. ಇದ್ದಕ್ಕಿದ್ದಂತೆ ಜನ ಬರುವುದೇ ನಿಂತಿತು. ಹೊರಗೆ ಬಂದು ನೋಡಿದರೆ ಉದ್ದ ಕ್ಯೂ! ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ಅಪ್ಪ, ಖಾಲಿ ಕುರ್ಚಿ ನೋಡಿ, ಇಲ್ಲಿಯ ವಾಚ್‌ಮನ್ ಟೀಗೆ ಹೋಗಿದ್ದಾನೆ ಅಂದುಕೊಂಡು ತಾನೇ ಕೂತುಬಿಟ್ಟಿದ್ದ. ಗೇಟು ಖಾಲಿ ಬಿಡುವುದುಂಟೆ?

‘ಮೇಡಂ, ಎರಡನೇ ಕಾಲಂ ಬಿಟ್ಟಿದೀರ.’

‘ನೆನಪಿಲ್ಲ ಅಂಕಲ್.’

‘ಪರ್ವಾಗಿಲ್ಲ, ಪಕ್ಕದಲ್ಲಿ ನಿಂತು ನೆನಪು ಮಾಡ್ಕೊಳ್ಳಿ. ನೆಕ್ಸ್ಟ್!’

ಹಾಗೆ ಪಕ್ಕಕ್ಕೆ ನಿಂತವರು ಏಳೆಂಟು ಮಂದಿ. ಸುಮ್ಮನೆ ಎಷ್ಟು ಹೊತ್ತು ನಿಂತಾರು? ಮಾತಿಗಿಳಿದಿದ್ದರು. ಆರ್.ಟಿ. ನಗರದ ಶಬಾನಾ ಎಂಬುವರು ಮುಖಪರಿಚಯವೂ ಇಲ್ಲದ ಆ ಮೇಡಂಗೆ, ‘ಫೋನೂ ಬೇಡ, ಇಲ್ಲಿಂದ ಸೀದಾ ನಮ್ಮನೇಗೇ ಬಂದ್ಬಿಡಿ. ಆಮೇಲೆ ವಾಪಸ್ ಬಂದು ಬರೀರಿ’ ಎನ್ನುತ್ತಿದ್ದರು.

ಇದೂ ಕಲೆಯ ಭಾಗವೆಂದೇ ಎಲ್ಲರೂ ನಂಬಿದ್ದರು. ಅಪ್ಪನಿಗೆ ಮಾತ್ರ ಅದು ಡ್ಯೂಟಿ.

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಕಲಾವಿದರಿಗೆ ಪ್ರಮಾಣಪತ್ರ ಕೊಡುವ ಹೊತ್ತು.

‘ಅಪ್ಪ, ಒಳಗೆ ಬಾ. ಇದು ನಾನು ಮಾಡಿರೋ ಗೇಟು, ನಿಜವಾದ್ದಲ್ಲ’ ಎಂದೆ.

‘ಜನ ನಿಂತವ್ರಲ್ಲ, ಅವ್ರು ನಿಜ ತಾನೆ? ರಿಲೀವರ್ ಬರ್ದೇ ಎಂಗೆ ಬಿಟ್ ಬರ್ಲಮ್ಮ? ನೀನ್ ಓಗು.’

ಆ ಕಸುಬಿನ ನಿಯಮ ಅದು. ಮುಂದಿನ ಪಾಳಿಯವನು ಬಂದು ನಿಲ್ಲದೆ ಹಿಂದಿನವನು ಏಳುವಂತಿಲ್ಲ. ಮತ್ತೆ ಹೊರಗೇ ಉಳಿದನಲ್ಲ! ನನಗೆ ಅಳುವೇ ಬಂತು. ಮೈಕಿನಲ್ಲಿ ಎರಡನೇ ಸಲ ಹೆಸರು ಬಂತು.

ಕ್ಯೂನಲ್ಲಿದ್ದ ಜಯತ್ತೆ ಸೆರಗು ಸಿಕ್ಕಿಸಿ ಮುಂದೆ ನುಗ್ಗಿದಳು. ‘ಏಳಣ್ಣ, ನಾನೇ ರಿಲೀವರು.’

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. ರಿಜಿಸ್ಟರಿನಲ್ಲಿ ಗೆರೆ ಎಳೆದು ‘ಚಾರ್ಜ್ ಕೊಟ್ಟಿದೆ’ ಎಂದು ಬರೆದು ಸಹಿ ಮಾಡಿದ. ಅವಳದ್ದನ್ನೂ ಹಾಕಿಸಿಕೊಂಡ. ಟೋಪಿ ತೆಗೆದು ಅವಳ ತಲೆಗಿಟ್ಟ. ಗೇಟು ದಾಟಿದ.

ನನ್ನ ಜೊತೆಗೇ ಬಂದ ಅಪ್ಪನನ್ನು ನೋಡಿ ಮುಖ್ಯ ಅತಿಥಿಗಳು ಪ್ರಮಾಣಪತ್ರವನ್ನು ಅವನ ಕೈಗೇ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ದಾಟಿಸಿದ. ಚಪ್ಪಾಳೆ ಬಿತ್ತು. ಇನ್ನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಕಡೆಗೆ ಹೊರಟವನಿಗೆ ಗೇಟಿನಿಂದ ಜಯತ್ತೆಯ ಕೂಗು:

‘ಅಣ್ಣೋ, ಎಲ್ಲಾನೂ ನಿಧಾನಕ್ ನೋಡ್ಕಂಡ್ ಬಾ. ಇವತ್ತು ನಂದು ಡಬಲ್ ಡ್ಯೂಟಿ!’