ಎಲ್ಲಿ ಬಿಸಿಯೋ ಅಲ್ಲಿ ಸಡಿಲ

ಅಮಾವಾಸ್ಯೆ ಬಂತೆಂದರೆ ನಮ್ಮ ಮನೆಯಲ್ಲಿ ದೇವರ ಹಿತ್ತಾಳೆ ನನ್ನ ಪಾಲಿಗೆ, ಕಾರಿನ ಹಿತ್ತಾಳೆ ನಮ್ಮನೆಯವರ ಪಾಲಿಗೆ. ನಾನು ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ದೀಪದ ಕಂಬ ಉಜ್ಜುತ್ತಿದ್ದರೆ, ಇವರು ಅಂಗಳದಲ್ಲಿ ಹಳೇ ಅಂಬಾಸಿಡರಿನ ಬಾನೆಟ್ ಎತ್ತಿಕೊಂಡು, ಒಂದು ವೈರನ್ನು ಇನ್ನೊಂದಕ್ಕೆ ಸೇರಿಸುವ ಕನೆಕ್ಟರುಗಳನ್ನು ಬಿಚ್ಚಿ ಉಪ್ಪುಕಾಗದದಲ್ಲಿ ತಿಕ್ಕುತ್ತಿದ್ದರು. ಕನೆಕ್ಟರ್ ಎಂದರೆ ದೊಡ್ಡ ವಸ್ತುವೇನಲ್ಲ. ಕಡಲೆಕಾಯಿ ಬೀಜದಷ್ಟು ಹಿತ್ತಾಳೆ ಪಿನ್ನು, ಅದು ಹೋಗಿ ಕೂರುವ ರಬ್ಬರ್ ಕೊಳವೆ, ಅಷ್ಟೇ. ಪಿನ್ನಿಗೆ ಹಸಿರು ಕಿಲುಬು ಹಿಡಿದರೆ ಕರೆಂಟು ಸರಾಗವಾಗಿ ದಾಟುವುದಿಲ್ಲ, ಅಲ್ಲೇ ಒದ್ದಾಡಿ ಆ ಜಾಗ ಕಾಯುತ್ತದೆ. "ಎಲ್ಲಿ ಬಿಸಿಯೋ ಅಲ್ಲಿ ಸಡಿಲ" ಎಂಬುದು ಇವರ ಮಂತ್ರ. ಲೈಟ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಹೋಗುವರು. ಯಾವುದು ಬೆಚ್ಚಗಿದೆಯೋ ಅದಕ್ಕೆ ಆವತ್ತು ಗ್ರಹಚಾರ. ತಿಕ್ಕಿ, ಇಕ್ಕಳದಿಂದ ಹಿಚುಕಿ ಬಿಗಿ ಮಾಡಿ, ವ್ಯಾಸಲೀನ್ ಸವರಿ ಮತ್ತೆ ಕೂರಿಸುವರು. ನನ್ನ ಒಡೆದ ಹಿಮ್ಮಡಿಗೆ ಒಂದು ದಿನವೂ ಆ ವ್ಯಾಸಲೀನ್ ಸಿಕ್ಕಿದ್ದಿಲ್ಲ.

ಬೆರಳೆಂದರೆ ಅಂಥ ಬೆರಳು. ಚಿತ್ರದುರ್ಗದಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಹಿರಿಯೂರು, ಧರ್ಮಪುರದ ಕಡೆಯಿಂದ ಮದುವೆ ಜವಳಿಗೆ ಬಂದವರ ಮುಂದೆ ಕಣ್ಣು ಮುಚ್ಚಿ, ಸೀರೆಯ ಸೆರಗನ್ನು ಎರಡು ಬೆರಳ ಮಧ್ಯೆ ಹೊಸಕಿ, "ಇದ್ರಾಗೆ ಪಾಲಿಸ್ಟರ್ ಜಾಸ್ತಿ ಐತೆ, ತಗಾಬ್ಯಾಡ್ರಿ" ಎಂದು ತಮ್ಮ ಮಾಲನ್ನೇ ತಾವು ಬೈಯುತ್ತಿದ್ದ ಪುಣ್ಯಾತ್ಮ. ಈಗ ಅಂಗಡಿ ಮಗನ ಕೈಯಲ್ಲಿದೆ. ಇವರ ಕೈಗೆ ಉಳಿದದ್ದು ಕಾರೊಂದೇ.

ಇವರಿಗೆ ಶುಗರ್ ಬಹಳ ವರ್ಷದಿಂದ ಇತ್ತು, ನಾವದನ್ನು ಮರೆತೇ ಬಿಟ್ಟಿದ್ದೆವು. ಹೋದ ಬೇಸಿಗೆಯಲ್ಲಿ ಹೊಳಲ್ಕೆರೆಯ ನೆಂಟರ ಮನೆಯಿಂದ ಹೊರಟಾಗ ಇವರ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಬೀದಿ ಕೊನೆಯವರೆಗೆ ಹಾಗೇ ನಡೆದು ಬಂದರು. ನೆತ್ತಿಯ ಮೇಲೆ ಸೂರ್ಯ, ಟಾರು ಕಾದು ಮೆತ್ತಗಾಗಿತ್ತು. "ಏನ್ರಿ, ಒಂದು ಚಪ್ಪಲಿ ದಾನ ಮಾಡಿ ಬಂದ್ರಾ?" ಎಂದು ನಾನು ನಕ್ಕೆ. ಇವರೂ ಕೆಳಗೆ ನೋಡಿಕೊಂಡು ನಕ್ಕರು. ಚಪ್ಪಲಿ ನೆಂಟರ ಮನೆಯ ಮೆಟ್ಟಿಲ ಮೇಲೇ ಬಿದ್ದಿತ್ತು. ಮನೆಗೆ ಬಂದು ಪಾದ ತಿರುಗಿಸಿ ನೋಡಿದಾಗ ಗುಳ್ಳೆ ಎದ್ದಿತ್ತು, ಆಮೇಲೆ ನನಗೆ ನಗು ಬರಲಿಲ್ಲ.

ಡಾಕ್ಟರು ಇವರ ಕಣ್ಣು ಮುಚ್ಚಿಸಿ ಪಾದಕ್ಕೆ ಏನನ್ನೋ ಚುಚ್ಚಿ, "ಗೊತ್ತಾಯ್ತಾ?" ಎಂದು ಕೇಳಿದರು.

"ಏನು?" ಎಂದರು ಇವರು.

"ಯಜಮಾನ್ರೆ, ಇನ್ಮೇಲೆ ಕಾರು ಓಡಿಸ್ಬೇಡಿ. ಕಾಲು ಎಲ್ಲೈತೆ ಅಂತ ಕಾಲಿಗೇ ಗೊತ್ತಿಲ್ಲ" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಇವರದು ಬೇರೆಯೇ ವಾದ. "ಅವ್ನು ಪಾದ ನೋಡಿದ್ನೇ ಹೊರ್ತು ಕೈ ನೋಡಿದ್ನಾ? ಕನೆಕ್ಟರ್ ಬಿಸಿ ಐತೋ ಇಲ್ವೋ ನನ್ನ ಬೆರಳಿಗೆ ಗೊತ್ತಾಗ್ತೈತೆ. ಅದು ಗೊತ್ತಾಗೋ ತನಕ ನಾನು ಸ್ಟೀರಿಂಗ್ ಬಿಡಾಕಿಲ್ಲ." ಚಪ್ಪಲಿಯನ್ನು ಮಾತ್ರ ಬಿಟ್ಟರು. ಬರಿಗಾಲಿಗೆ ಪೆಡಲು ಚೆನ್ನಾಗಿ ತಿಳಿಯುತ್ತದಂತೆ.

ಮಗ, "ಅವ್ವಾ, ನೀನೇ ಹೇಳು, ನನ್ನ ಮಾತು ಕೇಳಲ್ಲ" ಎಂದ. ನನ್ನ ಮಾತು ಕೇಳಿದ ಕಾಲ ಯಾವುದಿತ್ತು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ಸಲ ಕೀಯನ್ನು ಅಕ್ಕಿ ಡಬ್ಬದೊಳಗೆ ಹುದುಗಿಸಿಟ್ಟೆ. ಇವರು ಜೇಬಿನಿಂದ ಇನ್ನೊಂದು ಕೀ ತೆಗೆದು, "ಅಕ್ಕಿ ಬೇಯಿಸೋವಾಗ ನೋಡ್ಕಂಡು ಹಾಕೇ" ಎಂದು ಹೇಳಿ ಹೊರಟೇ ಹೋದರು. ಏನು ಮಾಡಲಿ? ಅಮಾವಾಸ್ಯೆಯ ದಿನ ದೀಪ ಉಜ್ಜುತ್ತ ಅಂಗಳದ ಕಡೆಗೇ ಕಿವಿ ಕೊಟ್ಟಿರುತ್ತಿದ್ದೆ. "ಇದು ಬೆಚ್ಚಗೈತೆ" ಎಂಬ ಮಾತು ಕೇಳಿಸಿದರೆ ಜೀವಕ್ಕೆ ಸಮಾಧಾನ. ಬರಬರುತ್ತ ಆ ಮಾತು ಕೇಳಿಸುವುದು ಕಡಿಮೆಯಾಯಿತು. ಕಾರು ಸರಿಯಾಗಿದೆಯೆಂದೇ ನಂಬಲು ನೋಡಿದೆ.

ಈ ವರ್ಷ ಶ್ರೀರಾಂಪುರದಲ್ಲಿ ನನ್ನ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. "ಬಸ್ಸಿಗೆ ಹೋಗಾಣ" ಎಂದೆ. "ಕಾರು ಮನ್ಯಾಗಿಟ್ಕಂಡು ಬಸ್ಸಾಗೆ ನೇತಾಡಾದಾ?" ಎಂದರು. ಹೋಗುವಾಗ ಏನೂ ಆಗಲಿಲ್ಲ. ತಿರುಗಿ ಬರುವಾಗ ಹೊಸದುರ್ಗ ದಾಟುವ ಹೊತ್ತಿಗೆ ಸಂಜೆಯಾಯಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಸುಕಾಗುತ್ತಿದ್ದವು. ಲೈಟ್ ಹಾಕಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಲೈಟು ಮಂಕಾಗಿ, ಆರಿ ಹತ್ತಿ ಆಟವಾಡತೊಡಗಿತು.

ಹುಣಸೆಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದರು. "ಲೇ ಇವಳೇ, ಮೊಬೈಲ್ ಬೆಳಕು ಹಿಡಿ" ಎಂದರು. ಹಿಡಿದೆ. ಹಿಂದೆ ಸೀರೆಯ ಸೆರಗು ಹಿಡಿದಾಗ ಮಾಡುತ್ತಿದ್ದಂತೆ ಕಣ್ಣು ಮುಚ್ಚಿಕೊಂಡು ಒಂದೊಂದೇ ಕನೆಕ್ಟರ್ ಮುಟ್ಟಿದರು. ಇದು ತಣ್ಣಗೈತೆ. ಇದೂ ತಣ್ಣಗೈತೆ. ರೇಡಿಯೇಟರಿನ ಪಕ್ಕದ ಒಂದನ್ನು ಎರಡು ಬೆರಳಲ್ಲಿ ಹಿಡಿದು, "ಇದೂ ತಣ್ಣಗೈತಲ್ಲ, ಮತ್ತೆಲ್ಲಿ ಹೋಯ್ತು?" ಎಂದು ಯೋಚಿಸುತ್ತ ಹಾಗೇ ನಿಂತರು. ಸುಟ್ಟ ವಾಸನೆ ಬಂತು. ರಬ್ಬರಿನದಿರಬೇಕು ಎಂದುಕೊಂಡು ಬೆಳಕನ್ನು ಹತ್ತಿರ ಒಯ್ದೆ. ಇವರ ಬೆರಳ ತುದಿ ಬೆಳ್ಳಗಾಗಿತ್ತು.

ಕೈ ಹಿಡಿದು ಎಳೆದೆ. "ಯಾಕೆ ಹಿಂಗೆ ಎಳಿತೀಯ?" ಎಂದು ರೇಗಿದರು. ನಾನು ಅದೇ ಕನೆಕ್ಟರ್ ಮುಟ್ಟಿದೆ. ಚುರ್ ಎಂದಿತು, ಕೈ ತಾನಾಗಿಯೇ ಹಿಂದೆ ಬಂತು.

"ಬಿಸಿ ಐತಾ?" ಎಂದು ಮೆಲ್ಲಗೆ ಕೇಳಿದರು.

ಸುಳ್ಳು ಹೇಳಿಬಿಡೋಣ ಅನ್ನಿಸಿತು. ನಾಲಗೆ ಹೊರಳಲಿಲ್ಲ. "ಐತೆ ಕಣ್ರಿ" ಎಂದೆ.

ಇವರು ಆ ಬೆರಳನ್ನು ಬೆಳಕಿಗೆ ಹಿಡಿದು, ಅದು ಬೇರೆ ಯಾರದೋ ಎಂಬಂತೆ ಬಹಳ ಹೊತ್ತು ನೋಡಿದರು. ನನಗೆ ಅಳು ಬಂತು. ಅತ್ತರೆ ಇವರಿಗೆ ಇನ್ನೂ ಕಷ್ಟವೆಂದು ನುಂಗಿಕೊಂಡೆ. ಆಮೇಲೆ ಇವರು ಹೇಳಿಕೊಟ್ಟ ಹಾಗೆ ನಾನೇ ಲೈಟ್ ಆರಿಸಿ, ಕನೆಕ್ಟರ್ ತಣ್ಣಗಾಗುವವರೆಗೆ ಕಾದು, ಪಿನ್ನು ಕಿತ್ತೆ. ಕಿಲುಬು ನನಗೆ ಹೊಸದೇ? ಚೆನ್ನಾಗಿ ತಿಕ್ಕಿ, ಬಿಗಿ ಮಾಡಿ ಕೂರಿಸಿದೆ. ಲೈಟು ಝಗ್ಗನೆ ಹತ್ತಿತು. ಅಂಥ ಹೊತ್ತಲ್ಲೂ ನನಗೆ ಒಂದು ಗಳಿಗೆ ಖುಷಿಯಾಯಿತು ನೋಡಿ, ಏನೆನ್ನಬೇಕು ನನಗೆ.

"ಮಗನ್ನ ಕರಿತೀನಿ, ಇಲ್ಲೇ ಕುಂತ್ಕಳ್ರಿ" ಎಂದೆ.

"ಹೊಳಲ್ಕೆರೆಗೆ ಬರಾಕೆ ಹೇಳು. ಅಲ್ಲಿ ತನಕ ನಿಧಾನಕ್ಕೆ ಹೋಗಾಣ" ಎಂದರು. ದನಿಯಲ್ಲಿ ಮೊದಲಿನ ಹಟವಿರಲಿಲ್ಲ. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ನನಗೆ ಓಡಿಸಲು ಬಾರದು. ಹತ್ತಿ ಕೂತೆ.

ಒಂದು ತಿರುವು ದಾಟಿದರೆ ರಸ್ತೆ ತುಂಬ ಕುರಿ. ಬೆಳಕಿಗೆ ಅವುಗಳ ಕಣ್ಣುಗಳೆಲ್ಲ ಹೊಳೆದವು. ಕುರಿ ಕಾಯುವವನು ಕೋಲೆತ್ತಿದ. ಕಾರು ನಿಧಾನವಾಗಲಿಲ್ಲ. ಇವರು ಸ್ಟೀರಿಂಗನ್ನು ಅವುಚಿ ಹಿಡಿದಿದ್ದರು.

"ಲೇ, ನನ್ನ ಕಾಲು ಬ್ರೇಕಿನ ಮ್ಯಾಲೆ ಐತಾ ನೋಡು" ಎಂದರು.

ಬಗ್ಗಿದೆ. ಕೆಳಗೆ ಕತ್ತಲು. ತಡವಿದೆ. ಪಾದ ಬ್ರೇಕಿನ ಪಕ್ಕದ ಬರೀ ನೆಲವನ್ನು ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತುತ್ತಿತ್ತು. ಅದನ್ನು ಎತ್ತಿ ಬ್ರೇಕಿನ ಮೇಲಿಟ್ಟು, ನನ್ನ ಎರಡೂ ಕೈಯಿಂದ ಒತ್ತಿದೆ. ಕಾರು ಜಗ್ಗಿ, ನಡುಗಿ, ಆಫ್ ಆಗಿ ನಿಂತಿತು.

ಕುರಿಯವನು ಕಿಟಕಿಗೆ ಬಂದ. "ಏನ್ರಿ ಯಜಮಾನ್ರೆ, ಕುರಿ ಕಾಣ್ಲಿಲ್ವಾ? ಲೈಟು ಚೆನ್ನಾಗೇ ಐತಲ್ಲ?"

"ಕಂಡ್ವು ಕಣಪ್ಪ" ಎಂದರು ಇವರು. ಅವನು ಗೊಣಗುತ್ತ ಹಿಂಡಿನ ಹಿಂದೆ ಹೋದ. ನಾನಿನ್ನೂ ಮೇಲೇಳಲಿಲ್ಲ. ಪಾದವನ್ನು ಹಿಡಿದು ಒತ್ತಿಕೊಂಡೇ ಇದ್ದೆ. ಉಗುರು ನಾಟುವಷ್ಟು ಬಲವಾಗಿ ಹಿಡಿದಿದ್ದೆ.

"ಕೈ ತಗದ್ಯಾ?" ಎಂದು ಮೇಲಿನಿಂದ ಕೇಳಿದರು.

"ಹ್ಞೂಂ, ತಗದೆ" ಎಂದೆ, ಹಿಡಿದ ಕೈ ಬಿಡದೆ.