ಎಡಚಿ ಓಡಿಸಿದ ಕಾರು

ನಮ್ಮ ಅತ್ತೆಮನೆಗೆ ಕಾರು ಬಂದಾಗ ಅದನ್ನು ಓಡಿಸಲು ಬರುತ್ತಿದ್ದುದು ಇಬ್ಬರಿಗೇ, ನಮ್ಮ ಯಜಮಾನರಿಗೆ ಮತ್ತು ನನಗೆ. ಅವರು ಕಾರು ಕೊಳ್ಳುವುದು ಖಾತ್ರಿಯಾದ ಮೇಲೆ ಯಲಹಂಕಕ್ಕೆ ಹೋಗಿ ಕಲಿತವರು. ನಾನು ಮದುವೆಗೆ ಮುಂಚೆಯೇ ದೇವನಹಳ್ಳಿಯಲ್ಲಿ, ಅಪ್ಪ ದ್ರಾಕ್ಷಿ ಸಾಗಿಸುತ್ತಿದ್ದ ಹಳೆಯ ವ್ಯಾನಿನಲ್ಲಿ ಕಲಿತವಳು. ಲೈಸೆನ್ಸೂ ಇತ್ತು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತಾ ಎಂದು ಕೇಳಿದಾಗ ಅಪ್ಪ, "ಹಾಡು ಬರಲ್ಲ, ಡ್ರೈವಿಂಗ್ ಬರುತ್ತೆ" ಎಂದುಬಿಟ್ಟಿದ್ದರು. ಅಡುಗೆಮನೆಯಲ್ಲಿ ಅಮ್ಮ ಹಣೆ ಚಚ್ಚಿಕೊಂಡರು. ನಮ್ಮ ಮಾವನವರಿಗೆ ಮಾತ್ರ ಆ ಮಾತು ಬಹಳ ಹಿಡಿಸಿತು.

ತೊಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸ್ಕೂಟರ್ ಇಟ್ಟವರೇ ದೊಡ್ಡ ಮನುಷ್ಯರು. ಮನೆಯ ಮುಂಭಾಗದಲ್ಲಿ ನಾವು, ಹಿಂಭಾಗದಲ್ಲಿ ಪವರ್‌ಲೂಮ್ ಮಗ್ಗಗಳು. ಕರೆಂಟು ಇರುವಷ್ಟು ಹೊತ್ತು ಮಾತಾಡಬೇಕಾದರೆ ಕೂಗಬೇಕು. ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತುವುದು ನನ್ನ ಕೆಲಸ. ಸುತ್ತು, ಕೊಡು, ಮತ್ತೆ ಸುತ್ತು. ಓದಿದ ಹುಡುಗಿ, ಇದೇ ಏನು ನನ್ನ ಹಣೆಬರಹ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಂಥ ಹೊತ್ತಿನಲ್ಲಿ ಮಾವ ಬೆಂಗಳೂರಿನಿಂದ ಹಳೆಯ ಬಿಳಿ ಕಾರೊಂದನ್ನು ತರಿಸಿ ಬಾಗಿಲಲ್ಲಿ ನಿಲ್ಲಿಸಿದರು. "ಇನ್ಮೇಲೆ ಸೀರೆ ಗಂಟು ಬಸ್ಸಲ್ಲಿ ಹೊರೋದು ಬೇಡ. ನೀನೇ ಕಾರಲ್ಲಿ ತಗೊಂಡೋಗಿ ಅಂಗಡಿಗಳಿಗೆ ತೋರಿಸ್ಕೊಂಡು ಬಾರಮ್ಮ. ಸೀರೆ ವಿಷ್ಯ ಹೆಂಗಸು ಹೇಳಿದ್ರೇನೆ ಜನ ನಂಬ್ತಾರೆ" ಎಂದರು. ನನಗೆ ಕುಣಿಯುವುದೊಂದು ಬಾಕಿ. ಆ ಸ್ಟೇರಿಂಗ್ ನನ್ನದು ಎಂದು ಅವತ್ತೇ ತೀರ್ಮಾನಿಸಿಕೊಂಡೆ.

ಒಂದು ವಿಷಯ ಹೇಳಬೇಕು. ನಾನು ಎಡಚಿ. ಬರೆಯುವುದು, ತಿನ್ನುವುದು, ತರಕಾರಿ ಹೆಚ್ಚುವುದು ಎಲ್ಲ ಎಡಗೈಯಲ್ಲೇ. ಚಿಕ್ಕಂದಿನಲ್ಲಿ ಅಮ್ಮ ತಿದ್ದಲು ನೋಡಿದಾಗ ಅಡ್ಡ ಬಂದವರು ಅಪ್ಪ. "ಬಿಡೇ ಅತ್ಲಾಗೆ, ಯಾವ ಕೈಯಾದ್ರೇನು, ತಟ್ಟೆ ಖಾಲಿಯಾದ್ರೆ ಸಾಕು" ಎನ್ನುತ್ತಿದ್ದರು. ಅತ್ತೆಮನೆಗೆ ಬಂದ ವಾರದಲ್ಲೇ ಮುತ್ತೈದೆಯೊಬ್ಬರಿಗೆ ಕುಂಕುಮ ಕೊಡುವಾಗ ಎಡಗೈ ಮುಂದೆ ಹೋಗಿಬಿಟ್ಟಿತ್ತು. ಆಕೆ ತಟ್ಟನೆ ಹಿಂದೆ ಸರಿದರು. ಅವತ್ತಿನಿಂದ ನಮ್ಮ ಅತ್ತೆಯ ಕಣ್ಣು ಸದಾ ನನ್ನ ಎಡಗೈಯ ಮೇಲೆಯೇ ಇರುತ್ತಿತ್ತು.

ಮೊದಲ ದೂರದ ಸವಾರಿ ನೆಲಮಂಗಲದ ಕಡೆಗೆ. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಮಾವ. ಊರು ದಾಟುವವರೆಗೂ ಕಾರು ಹಸುವಿನ ಹಾಗೆ ಸಾಧುವಾಗಿತ್ತು. ಆಮೇಲೆ ಶುರುವಾಯಿತು ನೋಡಿ. ನಾನು ನೇರ ಹಿಡಿದರೂ ಅದು ಮೆಲ್ಲಗೆ ಎಡಕ್ಕೆ, ರಸ್ತೆಯಂಚಿನ ಮಣ್ಣಿಗೆ ಸರಿಯುತ್ತಿತ್ತು. ಎಳೆದು ತಂದರೆ ಮತ್ತೆ ಎಡಕ್ಕೆ. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸರು ಚದುರಿ ಚರಂಡಿಗೆ ಇಳಿದರು. "ಏನವ್ವಾ, ನಮ್ ಮೇಲೇ ಹತ್ತುಸ್ತೀಯಾ? ಕಣ್ಣು ಕಾಣಕ್ಕಿಲ್ವಾ?" ಎಂದು ಒಬ್ಬಳು ಬೈದಳು. ರಸ್ತೆಯ ಇಳಿಜಾರಿರಬೇಕು ಎಂದುಕೊಂಡೆ. ಮಾವ ಇಳಿದು ನಾಲ್ಕೂ ಟೈರುಗಳನ್ನು ಒದ್ದು ನೋಡಿದರು, ಗಾಳಿ ಸರಿಯಾಗಿತ್ತು. ಆಗ ಅತ್ತೆ ಹಿಂದಿನಿಂದ, ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದರು: "ಎಡಗೈಯವಳಲ್ವಾ, ಆ ಕೈಗೇ ಬಲ ಜಾಸ್ತಿ. ಅದಕ್ಕೇ ಅತ್ತ ಎಳೀತದೆ."

ಅಯ್ಯೋ, ಆ ಮಾತು ಎಷ್ಟು ಸರಿಯಾಗಿ ಕೂತುಬಿಟ್ಟಿತು! ಯಾರೂ ಪ್ರಶ್ನಿಸಲಿಲ್ಲ. ಮಾವ "ಹೌದಲ್ವಾ" ಎಂದರು. ನಾನೇ ನಂಬಿದೆ. ಅಪ್ಪನ ವ್ಯಾನು ಎಂದೂ ಎಡಕ್ಕೆ ಎಳೆದಿರಲಿಲ್ಲ ಎಂಬುದು ನನ್ನ ಮಂಕು ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬಾಯಿ ಬಿಡುತ್ತಿದ್ದೆನೋ ಇಲ್ಲವೋ.

ಮಾವ ಮನಸ್ಸು ಕಹಿ ಮಾಡಿಕೊಳ್ಳಲಿಲ್ಲ. ಅವರಿಗೆ ಪ್ರಪಂಚವೆಲ್ಲ ಮಗ್ಗವೇ. ಮಗ್ಗದಲ್ಲಿ ಹಾಸಿನ ನೂಲು ಒಂದು ಬದಿಗೆ ಸಡಿಲವಾದರೆ ಆ ಬದಿಯಲ್ಲಿ ಕಬ್ಬಿಣದ ತೂಕ ಹೆಚ್ಚಾಗಿ ತೂಗುಹಾಕುತ್ತಾರೆ. ಅಂಥ ಎರಡು ತೂಕಗಳನ್ನು ತಂದು ಕಾರಿನ ಬಲಬದಿಯ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಇಟ್ಟರು. "ನಿನ್ನ ಕೈ ಅತ್ತ ಎಳೀಲಿ, ಇದು ಇತ್ತ ಎಳೀಲಿ. ಸಮ ಆಗ್ತದೆ" ಎಂದು ನಕ್ಕರು. ನೆರೆಮನೆಯವರು ಬಂದು ಇದೇನು ಎಂದು ಕೇಳಿದರೆ ವಿವರಿಸಿಯೂ ಹೇಳುತ್ತಿದ್ದರು, ಪಾಪ, ಹೆಮ್ಮೆಯಿಂದಲೇ. ನಮ್ಮ ಸೊಸೆ ಎಡಚಿ, ಅದಕ್ಕೆ ಹೀಗೆ ಮಾಡಿದೀನಿ, ಅಂತ. ನಾನು ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅವರು ಬೈದಿದ್ದರೆ ತಿರುಗಿ ಬೀಳಬಹುದಿತ್ತು. ಆ ಪ್ರೀತಿಯ ಮುಂದೆ ಏನು ಮಾಡುವುದು, ಭೂಮಿ ಬಾಯಿಬಿಡಬಾರದೇ ಅನಿಸುತ್ತಿತ್ತು.

ತೂಕದಿಂದ ಏನೂ ಆಗಲಿಲ್ಲ. ಕಾರು ಎಡಕ್ಕೇ ಹೋಯಿತು. ಇನ್ನೊಂದು ಸಲ ಸೈಕಲ್ ಸವಾರನೊಬ್ಬನನ್ನು ಬೇಲಿಗೆ ತಳ್ಳಿಯೇಬಿಡುತ್ತಿದ್ದೆ. ಅವತ್ತು ಮನೆಗೆ ಬಂದ ಮೇಲೆ ಮಾವ ಬೀಗದಕೈಯನ್ನು ಮಗನ ಕೈಗೆ ಕೊಟ್ಟರು. ಯಜಮಾನರು ಓಡಿಸಿದರೆ ಕಾರು ನೆಟ್ಟಗೆ ಹೋಗುತ್ತಿತ್ತು. ಎಲ್ಲರೂ ಹಾಗೇ ಅಂದರು, ನನಗೂ ಹಾಗೇ ಕಂಡಿತು. ಸೀರೆ ತೋರಿಸಲು ಅಂಗಡಿಗಳಿಗೆ ಅವರೇ ಹೋಗತೊಡಗಿದರು. ನಾನು ಮತ್ತೆ ಕಂಡಿಕೆ ಸುತ್ತಲು ಕೂತೆ. ನೀರಿನ ಬಿಂದಿಗೆಯನ್ನು ಬಲಗೈಯಲ್ಲೇ ಎತ್ತಿ ಎತ್ತಿ ಆ ಕೈಗೆ ಬಲ ತರಿಸಲು ನೋಡುತ್ತಿದ್ದೆ. ಎಂಥ ಪೆದ್ದಿ ನಾನು!

ಹೀಗಿರುವಾಗ ಅಪ್ಪ ಬಸ್ಸಿನಲ್ಲಿ ಬಂದರು. ಚಕ್ಕೋತ ಹಣ್ಣಿನ ಚೀಲ ಇಳಿಸಿ, ಕಾಫಿ ಕುಡಿದು, ಮಗುವಿನ ಹಾಗೆ ಕೇಳಿದರು: "ಎಲ್ಲಮ್ಮಾ ಕಾರು? ಒಂದು ರೌಂಡ್ ಕರ್ಕೊಂಡು ಹೋಗು. ನಿನ್ನ ಪಕ್ಕದಲ್ಲಿ ಕೂತ್ಕೊಂಡು ಊರೆಲ್ಲ ನೋಡ್ಬೇಕು." ನಾನು ಸೆರಗಿನ ಅಂಚು ತಿರುಚುತ್ತಾ ನಿಂತೆ. ಅತ್ತೆ ಉತ್ತರ ಕೊಟ್ಟರು. "ನಿಮ್ಮ ಹುಡುಗಿ ಕೈಗೆ ಕೊಡಲ್ಲ ಬೀಗರೇ, ತಪ್ಪು ತಿಳ್ಕೋಬೇಡಿ. ಎಡಗೈ ನೋಡಿ, ಕಾರೆಲ್ಲ ಎಡಕ್ಕೆ ಎಳೀತಾಳೆ. ಯಾರಾದ್ರೂ ಸತ್ತುಗಿತ್ತು ಹೋದ್ರೆ?"

ಅಪ್ಪ ನನ್ನ ಮುಖ ನೋಡಿದರು. ವ್ಯಾನು ಓಡಿಸಿ ಓಡಿಸಿ ಮುದುಕರಾದ ಮನುಷ್ಯ, ಎಲ್ಲಿ, ನಾನೊಮ್ಮೆ ಓಡಿಸಿ ನೋಡ್ತೀನಿ ಎನ್ನಬಹುದಿತ್ತು. ಆದರೆ ಹೆಣ್ಣು ಕೊಟ್ಟವರು ಬೀಗರ ಕಾರಿನ ಕೊರತೆ ಹುಡುಕುವುದುಂಟೇ? ಅವರು ತಲೆ ತಗ್ಗಿಸಿ, ಲೋಟ ಕೆಳಗಿಟ್ಟು, ಎರಡೂ ಕೈ ಜೋಡಿಸಿದರು. "ಚಿಕ್ಕೋಳಿದ್ದಾಗ್ಲೇ ತಿದ್ದಬೇಕಿತ್ತು. ಅವರಮ್ಮ ತಿದ್ದಕ್ಕೆ ನೋಡಿದ್ಲು, ನಾನೇ ಬಿಡಲಿಲ್ಲ. ತಪ್ಪು ನಂದೇ, ಹೊಟ್ಟೆಗೆ ಹಾಕ್ಕೊಳ್ಳಿ."

ಇಷ್ಟು ವರ್ಷದ ಮೇಲೂ ಆ ಜೋಡಿಸಿದ ಕೈಗಳು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಅಪ್ಪ ಹಾಗೆ ಯಾರ ಮುಂದೆಯೂ ನಿಂತಿದ್ದನ್ನು ನಾನು ನೋಡಿರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದೆ.

ಕೆಲವು ತಿಂಗಳ ಮೇಲೆ ಅತ್ತೆ ಕಾರಿಗೆ ಶಿವಗಂಗೆಯಲ್ಲಿ ಪೂಜೆ ಮಾಡಿಸಬೇಕು ಎಂದರು. ನಾಲ್ವರೂ ಹೊರಟೆವು. ಯಜಮಾನರು ಓಡಿಸುತ್ತಿದ್ದರು, ನಾನು ಅವರ ಹಿಂದೆಯೇ ಕೂತಿದ್ದೆ. ದಾರಿಯುದ್ದಕ್ಕೂ ಅವರ ಅಂಗಿಯ ಬೆನ್ನು ಒದ್ದೆ, ಬಲ ತೋಳು ಬಿಗಿದುಕೊಂಡೇ ಇತ್ತು. ಸೆಕೆ ಎಂದುಕೊಂಡೆ. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸುತ್ತಿದ್ದಂತೆ ಅತ್ತೆ, ಚಕ್ರಗಳಿಗೆ ನೀರು ಹಾಕಿ ಅರಿಶಿನ ಕುಂಕುಮ ಇಡು ಎಂದರು. "ಬಲಗೈಯಲ್ಲಿ" ಎಂದೂ ಸೇರಿಸಿದರು. ಅರ್ಚಕರು ಕರ್ಪೂರದ ತಟ್ಟೆ ಹಿಡಿದು ಕಾಯುತ್ತಿದ್ದರು.

ಬಲಗೈಯಲ್ಲೇ ಚೊಂಬು ಹಿಡಿದು ಬಲಬದಿಯ ಮುಂದಿನ ಚಕ್ರಕ್ಕೆ ನೀರು ಹಾಕಿದೆ. ಹಿಂದಿನ ಎರಡಕ್ಕೂ ಹಾಕಿದೆ. ಮಣ್ಣು ತೊಳೆದು ನೀರು ಇಳಿಯಿತು, ಅಷ್ಟೇ. ಎಡಬದಿಯ ಮುಂದಿನ ಚಕ್ರಕ್ಕೆ ಹಾಕಿದೆ ನೋಡಿ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಎಂದಿತು! ಚಕ್ರದ ನಡುವಿನಿಂದ ಆವಿ ಎದ್ದಿತು. ನಾನು ಚೊಂಬು ಬಿಟ್ಟು ಹಿಂದಕ್ಕೆ ಹಾರಿದೆ. "ಏನ್ರೀ ಇದು, ಬೆಂಕಿ ಬಿದ್ದಿದ್ಯಾ?" ಎಂದು ಅರ್ಚಕರು ತಟ್ಟೆ ಸಮೇತ ದೂರ ಸರಿದರು.

ಮಾವ ಬಗ್ಗಿ ಚಕ್ರದ ನಡುವೆ ಬೆರಳಿಟ್ಟು ಸರಕ್ಕನೆ ಎಳೆದುಕೊಂಡರು. ಉಳಿದ ಮೂರನ್ನೂ ಮುಟ್ಟಿ ನೋಡಿದರು. ಅವು ಉಗುರುಬೆಚ್ಚಗಷ್ಟೇ. ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಈ ಚಕ್ರದ ಬ್ರೇಕು ಬಿಡ್ತಾನೇ ಇಲ್ಲ ಕಣ್ರೋ. ಕಾಲು ತೆಗೆದ್ರೂ ಹಿಡ್ಕೊಂಡೇ ಇದೆ. ಒಂದು ಚಕ್ರ ಹಿಡ್ಕೊಂಡು ಮಿಕ್ಕಿದ್ದು ಓಡಿದ್ರೆ ಗಾಡಿ ಆ ಕಡೆಗೇ ಅಲ್ವಾ ತಿರುಗೋದು? ಓಡ್ತಾ ಓಡ್ತಾ ಕಾದು ಇನ್ನೂ ಬಿಗೀತದೆ" ಎಂದರು. ಆಮೇಲೆ ನಿಧಾನವಾಗಿ ಮಗನ ಕಡೆ ತಿರುಗಿದರು.

"ನೀನು ಓಡಿಸುವಾಗ ಎಳೀತಿರಲಿಲ್ವೇನೋ?"

ಯಜಮಾನರು ಚಕ್ರದ ಕೆಳಗೆ ಇಟ್ಟಿದ್ದ ನಿಂಬೆಹಣ್ಣನ್ನೇ ನೋಡುತ್ತಿದ್ದರು. "ಎಳೀತಿತ್ತು."

"ಯಾವತ್ತಿಂದ?"

"ಮೊದಲಿಂದ್ಲೂ."

"ಮತ್ತೆ ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ನನಗೂ ಓಡಿಸೋಕೆ ಬರಲ್ಲ ಅಂತೀರ ಅಂದ್ಕೊಂಡೆ ಅಪ್ಪ. ನಾನು ಎಡಚನೂ ಅಲ್ಲವಲ್ಲ, ಏನು ನೆಪ ಹೇಳಲಿ? ಬಲವಾಗಿ ಹಿಡ್ಕೊಂಡು ಹೆಂಗೋ ನೇರ ಮಾಡ್ತಿದ್ದೆ."

ಅರ್ಚಕರ ತಟ್ಟೆಯಲ್ಲಿ ಕರ್ಪೂರ ಉರಿದು ಹೋಗಿತ್ತು. ಅತ್ತೆ ಮೊದಲು ಬಾಯಿಬಿಟ್ಟರು. "ಹೋಗ್ಲಿ ಬಿಡು, ಬ್ರೇಕ್ ತಾನೆ. ಸರಿ ಮಾಡಿಸಿದ್ರಾಯ್ತು." ಅಷ್ಟು ಸಲೀಸಾಗಿ! ನನಗೆ ಎಲ್ಲಿತ್ತೋ ಸಿಟ್ಟು, ಅಷ್ಟು ಜನರೆದುರು ಅತ್ತೆಯ ಮುಂದೆಯೇ ದನಿ ಎತ್ತಿದೆ. "ಬ್ರೇಕ್ ಸರಿ ಮಾಡಿಸ್ತೀರಿ. ನಮ್ಮಪ್ಪ ಕೈ ಮುಗಿದಿದ್ದನ್ನ ಹೆಂಗೆ ಸರಿ ಮಾಡಿಸ್ತೀರಿ?" ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅಳಬಾರದಿತ್ತು, ಅದಕ್ಕೂ ನಾಚಿಕೆಯಾಯಿತು. ಮಾವ ತಮ್ಮ ಟವೆಲ್ಲನ್ನು ನನ್ನ ಕೈಗೆ ಕೊಟ್ಟು, ಕಾರಿನೊಳಗಿಂದ ಆ ಎರಡು ಕಬ್ಬಿಣದ ತೂಕಗಳನ್ನು ಎತ್ತಿ ಡಿಕ್ಕಿಯಲ್ಲಿ ಹಾಕಿ ಮುಚ್ಚಿದರು.

ಬೆಟ್ಟದಿಂದ ಬಂದ ರಾತ್ರಿ ಯಜಮಾನರು ಸಾರಿ ಎಂದರು. ನಾನು ಬೇಡ ಅಂದೆ. "ನನಗೆ ಹೇಳ್ಬೇಡಿ. ದೇವನಹಳ್ಳಿಗೆ ಬಂದು ನಮ್ಮಪ್ಪನಿಗೆ ಹೇಳಿ. ನಾನಲ್ಲ, ನೀವೇ ಹೇಳ್ಬೇಕು." ಅವರು ಹೂಂ ಎಂದರು.

ಬ್ರೇಕು ರಿಪೇರಿಯಾಗಿ ಬಂದ ಮೇಲೆ ದೇವನಹಳ್ಳಿಗೆ ನಾನೇ ಓಡಿಸಿದೆ, ಯಜಮಾನರು ಪಕ್ಕದಲ್ಲಿ ಕೂತರು. ಕಾರು ಎತ್ತಲೂ ಎಳೆಯಲಿಲ್ಲ. ಮನೆಯ ಮುಂದೆ ನಿಲ್ಲಿಸಿದಾಗ ಅಪ್ಪ ಹೊರಗೆ ಬಂದು, ಸ್ಟೇರಿಂಗ್ ಮುಂದೆ ನನ್ನನ್ನು ನೋಡಿ ಗಾಬರಿಯಾದರು. ಬೀಗರ ಮನೆಯವರ ಮಾತು ಮೀರಿ ಬಂದೆನೇನೋ ಎಂಬ ಗಾಬರಿ. ಯಜಮಾನರು ಚಪ್ಪಲಿ ಬಿಡುವ ಮೊದಲೇ ಜಗಲಿಯಲ್ಲಿ ನಿಂತು ಎಲ್ಲ ಹೇಳಿದರು, ತಾವು ಮುಚ್ಚಿಟ್ಟಿದ್ದನ್ನೂ ಸೇರಿಸಿ. "ಇವಳ ಕೈದೇನೂ ತಪ್ಪಿಲ್ಲ ಮಾವ, ತಪ್ಪೆಲ್ಲ ನಂದು" ಎಂದರು. ನನಗೆ ಅವರ ಮೇಲೆ ಸ್ವಲ್ಪ ಮಮತೆಯೂ ಬಂತು. ಅಪ್ಪ, "ಅಯ್ಯೋ ಬಿಡಿ ಅಳಿಯಂದಿರೇ, ಅದಕ್ಯಾಕೆ ಇಷ್ಟು ದೂರ ಬಂದ್ರಿ" ಎನ್ನುತ್ತಾ ಅವರನ್ನು ಕೂರಿಸಲು ಕುರ್ಚಿ ಹುಡುಕಿದರು. ಆದರೆ ಅವರ ಮುಖದಲ್ಲಿ ನಾನು ಕಾದಿದ್ದ ನಗು ಬರಲಿಲ್ಲ. ಏನೋ ನೆನಪಾದವರಂತೆ ಒಳಗೆ ತಿರುಗಿ ನೋಡಿದರು.

ನಾನು ಒಳಗೆ ಹೋದೆ. ನಡುಮನೆಯಲ್ಲಿ ನನ್ನ ಅಣ್ಣನ ಮಗಳು, ಇನ್ನೂ ಮಾತು ಪೂರ್ತಿ ಬಾರದ ಕೂಸು, ತಟ್ಟೆಯ ಮುಂದೆ ಕೂತಿತ್ತು. ಬಲಗೈಯಲ್ಲಿ ಅನ್ನ ಬಾಚಿ ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಲಂಗದ ಮೇಲೆ ಬೀಳುತ್ತಿತ್ತು. ಎಡಗೈಯ ಮುಷ್ಟಿಗೆ ಹಳೆಯ ಪಂಚೆಯ ಚೂರು ಸುತ್ತಿ ಬಿಗಿಯಾಗಿ ಕಟ್ಟಿದ್ದರು.

"ಯಾರು ಅತ್ತಿಗೆ ಇದನ್ನ ಕಟ್ಟಿದ್ದು?"

ಅತ್ತಿಗೆ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದರು. "ಮಾವ, ನಿಮ್ಮಪ್ಪಾನೇ. ನಿಮ್ಮನೆಗೆ ಬಂದು ಹೋದ್ರಲ್ಲ, ಅವತ್ತಿಂದ. ಇವಳಿಗೂ ನಿಮ್ಮ ಥರಾನೇ ಎಡಗೈ. ನಾಳೆ ಇವಳ ಬೀಗರ ಮುಂದೆ ನಾವು ತಲೆ ತಗ್ಗಿಸೋ ಹಂಗೆ ಆಗ್ಬಾರ್ದು ಅಂತ ಊಟದ ಹೊತ್ತಿಗೆ ಅವರೇ ಕಟ್ತಾರೆ."

ನಾನು ನೆಲದ ಮೇಲೆ ಕೂತು ಗಂಟು ಬಿಚ್ಚಿದೆ. ಬಟ್ಟೆ ತೆಗೆದಾಗ ಬೆರಳುಗಳು ಬೆವರಿ ಬೆಳ್ಳಗಾಗಿದ್ದವು. "ತಿನ್ನು ಪುಟ್ಟಿ, ಯಾವ ಕೈಲಿ ಬೇಕೋ ಆ ಕೈಲಿ ತಿನ್ನು" ಎಂದೆ. ಮಗು ಎಡಗೈಯನ್ನು ತಟ್ಟೆಯ ಹತ್ತಿರ ತರಲೇ ಇಲ್ಲ. ಬೆನ್ನ ಹಿಂದೆ ಇಟ್ಟುಕೊಂಡು, ತಾತ ನೋಡುತ್ತಿದ್ದಾರೇನೋ ಎಂದು ಬಾಗಿಲ ಕಡೆ ತಿರುಗಿತು.